ಜೋರಾಗಿ ಕೂಗಿದ ದಿನ

ಅಕ್ಕಾ,

ಇವತ್ತು ನಾನು ಕೆಲಸ ನಿಲ್ಲಿಸಿದೆ. ನಗಬೇಡ, ನಿಜವಾಗಿ.

ನೀನು ಹೋದ ಮೇಲೆ ಹೊಸ ಕಾನೂನು ಬಂದಿದೆ. ಕಟ್ಟಡದಲ್ಲಿ ಅಪಾಯ ಕಂಡರೆ ಗಾರೆ ಕಲಸುವವಳೂ 'ನಿಲ್ಲಿಸಿ' ಎನ್ನಬಹುದು. ಹಾಗೆ ಅಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ. ಇದನ್ನು ನಮಗೆಲ್ಲ ಓದಿ ಹೇಳಿದ ಮೇಸ್ತ್ರಿ ನನ್ನನ್ನು ನೋಡಿ ನಕ್ಕಿದ್ದರು. "ಇವಳ ಬಾಯಲ್ಲಿ ಬೆರಳಿಟ್ರೂ ಕಚ್ಚಲ್ಲ, ಇವಳೇನು ನಿಲ್ಲಿಸ್ತಾಳೆ!" ನಾನೂ ನಕ್ಕಿದ್ದೆ. ನನ್ನ ಪಾಲಿನ ಮಾತನ್ನೆಲ್ಲ ನೀನೇ ಆಡುತ್ತಿದ್ದೆಯಲ್ಲ.

ಮಧ್ಯಾಹ್ನ ಗಾರೆ ಕಲಸುತ್ತ ತಲೆ ಎತ್ತಿದೆ. ಹೊರಗೋಡೆಗೆ ಕಟ್ಟಿದ ಸಾರವೆಯಲ್ಲಿ, ನಿಂತು ಕೆಲಸ ಮಾಡುವ ಒಂದು ಹಲಗೆಯ ತುದಿಗೆ ಹಗ್ಗವೇ ಇರಲಿಲ್ಲ. ಮೇಸ್ತ್ರಿ ಅದರ ಮೇಲೆ ಕಾಲಿಡುವವರಿದ್ದರು. "ನಿಲ್ಲೀ!" ಎಂದು ಕೂಗಿದೆ. ಎಲ್ಲರ ಕೈಯೂ ನಿಂತಿತು.

ಮೇಸ್ತ್ರಿ ಬಗ್ಗಿ ಹಲಗೆಯನ್ನು ಒತ್ತಿದರು. ಇನ್ನೊಂದು ತುದಿ ಮೇಲೆದ್ದಿತು. ಹಗ್ಗ ಬಿಗಿಸಿ ಕೆಳಗಿಳಿದು ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು.

"ಈ ಕಾನೂನು ಬಂದ್ಮೇಲೆ ಕಟ್ಟೋದಕ್ಕಿಂತ ನಿಲ್ಲಿಸೋದೇ ಜಾಸ್ತಿ ಆಯ್ತು," ಎಂದು ಗುತ್ತಿಗೆದಾರರು ಗೊಣಗಿದರು.

"ಸುಮ್ನಿರಿ ಸಾರ್, ನಾನು ಬಿದ್ದಿದ್ರೆ ಆ ಗೋಡೆಗೆ ನೀವೇ ಗಾರೆ ಮೆತ್ತಬೇಕಿತ್ತು," ಎಂದರು ಮೇಸ್ತ್ರಿ. ಆಮೇಲೆ ನನ್ನ ಕಡೆ ತಿರುಗಿ, "ಏನು ಗಂಟಲು ತಾಯಿ ನಿಂದು! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದರು.

ಮನೆಗೆ ಬರುವವರೆಗೂ ದಾರಿಯಲ್ಲಿ ಒಬ್ಬಳೇ ನಗುತ್ತಿದ್ದೆ. ಹೊಟ್ಟೆ ತುಂಬ ಊಟವನ್ನೂ ಮಾಡಿದೆ.

ಮೂರನೇ ಮಹಡಿಯಲ್ಲಿದ್ದ ಮೇಸ್ತ್ರಿಗೆ ನನ್ನ ಕೂಗು ಕಿವಿಯ ಪಕ್ಕದಲ್ಲೇ ಕೂಗಿದಷ್ಟು ಚೆನ್ನಾಗಿ ಕೇಳಿಸಿತಂತೆ ಅಕ್ಕಾ. ನೀನು ಬಿದ್ದ ದಿನ, ನಾನು ಕೆಳಗಿನಿಂದ ನೋಡುತ್ತ ಸುಮ್ಮನೆ ನಿಂತಿದ್ದಾಗ, ನೀನೂ ಮೂರನೇ ಮಹಡಿಯ ಹಲಗೆಯ ಮೇಲೇ ಇದ್ದೆ.