ಇಯೊಲಾನಿ ಅರಮನೆಯ ಸಾಮಾನು

ಫೆ. 6, 2009, ಶುಕ್ರವಾರ
ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಮೀನು ಹುರಿದೆ. ಯೂನಿಫಾರ್ಮ್ ಇಸ್ತ್ರಿ ಇನ್ನೂ ಬಾಕಿ. ಮಗಳು ಟೀನಾಳಿಗೆ ಸ್ಕೂಲ್ ಪ್ರಾಜೆಕ್ಟ್. ಟೀಚರ್ ಚೀಟಿ ಎತ್ತಿಸಿದರಂತೆ, ಇವಳಿಗೆ ಬಂದದ್ದು ಹವಾಯಿ ದ್ವೀಪದ ಇಯೊಲಾನಿ ಅರಮನೆ. ಮೈಸೂರಿನದ್ದು ಬಂದಿದ್ದರೆ ನಾನೇ ಹೇಳಿಕೊಡುತ್ತಿದ್ದೆ!

ಅಮೆರಿಕದ ವೈಟ್ ಹೌಸಿಗಿಂತ ಮೊದಲೇ ಅಲ್ಲಿ ಕರೆಂಟ್ ಬಂದಿತ್ತಂತೆ. ಇಗ್ನೇಶಿಯಸ್, “ನಮ್ಮ ಕಿಚನ್ ಟ್ಯೂಬ್‌ಲೈಟ್ ಒಂದು ಸರಿಯಾದ್ರೆ ಸಾಕು ಮಾರಾಯ್ತಿ” ಎಂದರು. ನಾನೇ ಎಷ್ಟು ಸಲ ಹೇಳಿದ್ದು!

ಫೆ. 10, ರಾತ್ರಿ 8
ಇಗ್ನೇಶಿಯಸ್ ಕಂಪೆನಿಯಲ್ಲಿ ಅರವತ್ತು ಜನರಿಗೆ ಕೆಲಸದಿಂದ ತೆಗೆದ ಲೆಟರ್. ಇವರಿಗೂ. ವೀಸಾ ಕ್ಯಾನ್ಸಲ್ ಆದ ಮೇಲೆ ಈ ದೇಶ ಬಿಟ್ಟು ಊರಿಗೆ ಹೊರಡಲು ಮೂವತ್ತು ದಿನ, ಅಷ್ಟೇ. ಹನ್ನೊಂದು ವರ್ಷ... ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಇಬ್ಬರೂ ಅದನ್ನೇ ಉಂಡರು.

ಫೆ. 20, ಶುಕ್ರವಾರ
ಸೂಪರ್‌ಮಾರ್ಕೆಟ್ ಬೋರ್ಡಿನಲ್ಲಿ ಚೀಟಿ ಅಂಟಿಸಿದೆವು— ‘ಫ್ಯಾಮಿಲಿ ಲೀವಿಂಗ್, ಎಲ್ಲ ಸಾಮಾನು ಮಾರಾಟಕ್ಕೆ.’ ಕೆಳಗಿನ ಕೆಫೆಟೇರಿಯಾದ ಅಲಿಯಬ್ಬ ಸೋಫಾ ನೋಡಲು ಬಂದರು. ಆಗಲೇ ಟೀನಾಳ ಕಥೆ ಶುರು. ಅಲ್ಲಿಯ ರಾಣಿಯನ್ನು ಪಟ್ಟದಿಂದ ಇಳಿಸಿ, ಆಮೇಲೆ ಅವಳ ಅರಮನೆಯ ಮಾಳಿಗೆಯ ಕೋಣೆಯಲ್ಲೇ ಎಂಟು ತಿಂಗಳು ಕೂಡಿಹಾಕಿದ್ದರಂತೆ. ಅವಳು ಅಲ್ಲಿ ಕೂತು ತುಂಡು ಬಟ್ಟೆ ಜೋಡಿಸಿ ಹೊದಿಕೆ ಹೊಲಿದಳಂತೆ. ಸಾಮಾನೆಲ್ಲ ಹರಾಜು.

“ಬಟ್ ಮಮ್ಮಿ, ನೌ ದೆ ಆರ್ ಫೈಂಡಿಂಗ್ ಎವ್ರಿಥಿಂಗ್! ಒಂದೊಂದೇ ವಾಪಸ್ ಬರ್ತಾ ಉಂಟು.”

ನೋಡಿದರೆ ಸೋಫಾದ ಅಡಿಯಲ್ಲಿ ಆಗಲೇ ಚೀಟಿ ಅಂಟಿಸಿದ್ದಾಳೆ— ‘ಟೀನಾಸ್ ಹೌಸ್’. ನೋಟ್‌ಬುಕ್ ಹಿಡಿದು ಅಲಿಯಬ್ಬರ ಹೆಸರು, ಫೋನ್ ನಂಬರ್ ಕೇಳುತ್ತಿದ್ದಾಳೆ. ನನ್ನ ಮಾನ ಹೋಯಿತು. ಅವರೆದುರೇ ಗದರಿದೆ.

ಅಲಿಯಬ್ಬ ನಕ್ಕರು. “ಬೈಬೇಡಿ ಅಕ್ಕ. ಅವಳು ಬಂದು ಕೇಳಿದ ದಿವಸ ಕೊಡುವಾ.”

ಮಾ. 3
ಫ್ರಿಜ್, ಮಂಚ, ಟೀವಿ ಹೋದವು. ಎಲ್ಲದರ ಅಡಿಗೂ ಚೀಟಿ. ನೋಟ್‌ಬುಕ್ಕಿನ ಪಟ್ಟಿಯಲ್ಲಿ ಕೊಂಡವರ ಹದಿನಾಲ್ಕು ಹೆಸರು. ಪ್ರಾಜೆಕ್ಟಿಗೆ ‘ಎಕ್ಸಲೆಂಟ್’. ಆದರೂ ಹುಡುಗಿ ಸಪ್ಪಗಿದ್ದಳು. ಊಟಕ್ಕೆ ನೆಲದ ಮೇಲೆ ಪೇಪರ್ ಹಾಸಿ ಕೂತಾಗ ಬಾಯಿಬಿಟ್ಟಳು.

“ರಾಣಿಯನ್ನು ಇಳಿಸಿದ ಮೇಲೆ ಪ್ಯಾಲೇಸ್ ಮ್ಯೂಸಿಯಂ ಆಗ್ಲಿಕ್ಕೆ ಏಯ್ಟಿ ಫೈವ್ ಇಯರ್ಸ್, ಮಮ್ಮಿ. ಸಾಮಾನು ಈಗ್ಲೂ ಹುಡುಕ್ತಾ ಇದ್ದಾರೆ. ನಮ್ಗೂ ಅಷ್ಟು ವರ್ಷ ಬೇಕಾದ್ರೆ ಆಗ ನಂಗೆ ನೈಂಟಿ ಫೋರ್ ಆಗ್ತದೆ.”

ಪಟ್ಟಿ ಹರಿದು ಕಸದ ಬುಟ್ಟಿಗೆ ಹಾಕಿದಳು. ಇಗ್ನೇಶಿಯಸ್ ತಟ್ಟೆ ಬಿಟ್ಟು ಎದ್ದು ಬಾಲ್ಕನಿಗೆ ಹೋದರು. ಒಂಬತ್ತು ವರ್ಷದ ಮಗುವಿಗೆ ಈ ಲೆಕ್ಕ ಯಾಕೆ ಬೇಕಿತ್ತು?

ಮಾ. 12, ಗುರುವಾರ, ಸಂಜೆ 5
ನಾಳೆ ಫ್ಲೈಟ್. ಉಳಿದದ್ದು ನನ್ನ ಹೊಲಿಗೆ ಮೆಷಿನ್ ಒಂದೇ. ಕೊನೆಯವರೆಗೂ ಕೊಡುವುದಿಲ್ಲ ಎಂದು ಹಠ ಮಾಡಿದ್ದೆ. ಈಗ ಊರಿಗೆ ಕಳಿಸುವಾ ಅಂದರೆ ಕಾರ್ಗೋದವರಿಗೆ ಕೊಡುವ ಹೊತ್ತು ಮೀರಿದೆ. ಟೀನಾಳ ಬ್ಯಾಪ್ಟಿಸಂ ಫ್ರಾಕ್ ಹೊಲಿದದ್ದು ಇದರಲ್ಲೇ. ಮೂರನೇ ಮಹಡಿಯ ಪಾಯ್ಸ್ ಬಂದು ಒಯ್ದರು. ನಗುತ್ತಲೇ ಕಳಿಸಿದೆ. ಬಾಗಿಲು ಹಾಕಿ ಅತ್ತೆ.

ಅವರು ಬರುವ ಮೊದಲು ಮೆಷಿನ್ ಅಡಿಗೆ ಚೀಟಿ ಅಂಟಿಸಿದ್ದು ನಾನೇ. ಟೀನಾಳಿಗೆ ಗೊತ್ತಿಲ್ಲ.

ಅವತ್ತು ಬುಟ್ಟಿಯಿಂದ ಹೆಕ್ಕಿಟ್ಟಿದ್ದ ಪಟ್ಟಿಗೆ ಈಗ ಟೇಪ್ ಹಾಕಿದ್ದೇನೆ. ಒಂದು ಮೂಲೆ ಸಿಗಲಿಲ್ಲ. ಅಡಿಯಲ್ಲಿ ಜಾಗ ಉಂಟು.

15. ಹೊಲಿಗೆ ಮೆಷಿನ್ — ಪಾಯ್ಸ್, ಫ್ಲಾಟ್ 304, ಫೋನ್ —