ಮ್ಯಾಚ್ ಆಗುವುದೆಂದರೆ

ಮಾರ್ಚ್ ೪

ನಿಘಂಟು ಕಚೇರಿ. ಇನ್ನೂ ‘ಮ್ಯಾಚ್’ ಪದದಲ್ಲೇ ಸಿಕ್ಕಿಕೊಂಡಿದ್ದೇನೆ. ಆಟ. ಜೋಡಿ. ಸಂಬಂಧ. ಸರಿಸಾಟಿ. ಮೂಲ ಹಳೆಯ ಇಂಗ್ಲಿಷಿನ ‘ಸಂಗಾತಿ’. ಬೆಂಕಿಕಡ್ಡಿಯ ಮ್ಯಾಚ್ ಮಾತ್ರ ಬೇರೆ ಬಳ್ಳಿ— ಫ್ರೆಂಚರ ದೀಪದ ಬತ್ತಿ. ಅದಕ್ಕೂ ಹಿಂದೆ, ಗ್ರೀಕರಲ್ಲಿ, ಸಿಂಬಳವಂತೆ!

ಸಂಜೆ ಆಸ್ಪತ್ರೆಯಲ್ಲಿ ತಮ್ಮನಿಗೆ ಹೇಳಿದೆ. ಡಯಾಲಿಸಿಸ್ ಮೆಷಿನ್ನಿಗೆ ಕೈ ಕೊಟ್ಟು ಮಲಗಿದ್ದವನು ನಕ್ಕುಬಿಟ್ಟ. “ಸಿಂಬಳಕ್ಕೆ ಸಂಬಳ ತಗೊಳ್ತೀಯಲ್ಲಕ್ಕಾ, ನಾಚಿಕೆ ಆಗಲ್ವಾ?”

ಮಾರ್ಚ್ ೬

ನನ್ನ ರಕ್ತ ಪರೀಕ್ಷೆಗೆ ಹೋಗಿದೆ. ನನ್ನ ಕಿಡ್ನಿ ಅವನಿಗೆ ಹೊಂದುತ್ತದೋ ಇಲ್ಲವೋ... ರಿಪೋರ್ಟಿಗೆ ಕಾಯುತ್ತಾ ಅಮ್ಮ ಫೋನ್ ಪಕ್ಕ ಬಿಟ್ಟು ಏಳುವುದಿಲ್ಲ. “ನಿನಗೆ ಮ್ಯಾಚ್ ಆಗೋ ಗಂಡಂತೂ ಸಿಗಲಿಲ್ಲ. ಇದಾದ್ರೂ ಆಗ್ಲಿ.” ನಗಬೇಕೋ ಅಳಬೇಕೋ.

ಮಾರ್ಚ್ ೧೧, ಮಧ್ಯಾಹ್ನ

ಮ್ಯಾಚ್ ಆಗಿದೆ.

ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿದರು. “ಯಾರಿಗೂ ಇನ್ನೂ ಹೇಳಿಲ್ಲ. ನಿಮಗೆ ಮನಸ್ಸಿಲ್ದಿದ್ರೆ, ನೀವು ಹೊಂದಲ್ಲ ಅಂತಷ್ಟೇ ಮನೆಯವರಿಗೆ ಹೇಳ್ತೀವಿ. ಕಾರಣ ಯಾರೂ ಕೇಳಲ್ಲ.”

ಯೋಚಿಸುತ್ತೇನೆ ಎಂದೆ. ಹಾಗೆಂದವಳು ನಾನೇನಾ? ಹೊರಗೆ ಅಮ್ಮ. “ಏನಂದ್ರು?” ರಿಪೋರ್ಟ್ ಬಂದಿಲ್ಲ ಎಂದುಬಿಟ್ಟೆ.

ಮಾರ್ಚ್ ೧೨

ಕೆಲಸಕ್ಕೆ ಕೂತರೆ ಒಂದಕ್ಷರ ತಲೆಗೆ ಹತ್ತುತ್ತಿಲ್ಲ. ಕುರ್ಚಿ, ಕಿಟಕಿ, ಮತ್ತೆ ಕುರ್ಚಿ. ಕೈ ತಾನಾಗಿ ಸೊಂಟ ಮುಟ್ಟಿ ನೋಡಿಕೊಳ್ಳುತ್ತದೆ. ಸಂಪಾದಕರು ಇಣುಕಿದರು. “‘ಮ್ಯಾಚ್’ ಮುಗೀತೇನಮ್ಮ?”

ಇಲ್ಲ ಸರ್.

ಮಾರ್ಚ್ ೧೫

ತಡೆಯಲಾಗಲಿಲ್ಲ. ಅಮ್ಮ ಔಷಧಿ ತರಲು ಹೋದಾಗ ತಮ್ಮನೆದುರು ಬಾಯಿಬಿಟ್ಟೆ. “ಮ್ಯಾಚ್ ಆಗಿದೆ ಕಣೋ. ಮುಚ್ಚಿಟ್ಟಿದ್ದೆ. ಭಯ ಆಗ್ತಿದೆ.”

ಬೈಯುತ್ತಾನೆಂದುಕೊಂಡೆ. ಹಾಸಿಗೆಯಲ್ಲಿ ಸರಿದು ಜಾಗ ಬಿಟ್ಟ. ಕೂತೆ. “ಬೇಡ ಅನ್ನೋವಷ್ಟು ದೊಡ್ಡ ಮನುಷ್ಯ ಅಲ್ಲಕ್ಕಾ ನಾನು. ನಂಗೆ ಬದುಕಬೇಕು.” ಆಮೇಲೆ, ಗೋಡೆ ನೋಡುತ್ತಾ— “ಆದ್ರೆ ನೀನು ಆಗಲ್ಲ ಅಂದ್ರೂ ನಂಗೆ ಅಕ್ಕನೇ.”

ಹಾಗನ್ನದೆ ಇದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ನೇರ ಡಾಕ್ಟರಮ್ಮನ ಬಾಗಿಲು ತಟ್ಟಿದೆ. ಹೂಂ ಎಂದೆ.

ಏಪ್ರಿಲ್ ೨, ಬೆಳಿಗ್ಗೆ

ಹಸಿರು ಗೌನ್. ಎರಡು ಸ್ಟ್ರೆಚರ್ ಗಾಡಿ, ಅಕ್ಕಪಕ್ಕ. ನಡುವೆ ನಿಂತ ಅಮ್ಮನಿಗೆ ಯಾರ ಕೈ ಹಿಡಿಯಬೇಕೋ ತೋಚದೆ ಕೈಚೀಲವನ್ನೇ ಬಿಗಿಯಾಗಿ ಹಿಡಿದಿದ್ದಾಳೆ. ತಮ್ಮನ ಹಲ್ಲು ಕಟಕಟ. ನನ್ನದೂ.

ಭಯ ಎಲ್ಲೂ ಹೋಗಿಲ್ಲ. ನಾನೂ ಹೋಗಿಲ್ಲ.

ನರ್ಸ್ ಪೆನ್ನಿಗೆ ಕೈ ಚಾಚಿದ್ದಾಳೆ. ಒಂದೇ ನಿಮಿಷ ಸಿಸ್ಟರ್, ಇದೊಂದು—