ಗಳ ನೆಟ್ಟ ತಿಂಗಳಲ್ಲಿ ಬಂದವನಿಗೆ ಏನು ಹೇಳಬೇಕು

ಕಟ್ಟೆ ಒಡೆದ ತೊಂಬತ್ತೊಂದನೆಯ ವರ್ಷ, ಎರಡನೆಯ ಮಳೆಗಾಲದ ಹದಿಮೂರನೆಯ ಬೆಳಗು
ಹೊನ್ನಳಿವೆ, ಮೇಲ್ದಂಡೆ

ಸುಬ್ಬಜ್ಜಿಯವರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನಮಗೀಗ ವರ್ಷಕ್ಕೆ ಎರಡು ಮಳೆಗಾಲ, ಮತ್ತು ನಾವು ವರ್ಷಗಳನ್ನು ಎಣಿಸುವುದು ಒಂದು ಕಟ್ಟೆ ಒಡೆದ ದಿನದಿಂದ. ಆ ಕಟ್ಟೆಯನ್ನು ನಿಮ್ಮ ಕಾಲದಲ್ಲಿ ಇನ್ನೂ ಕಟ್ಟಿಲ್ಲ. ನಿಮಗೆ ನಲವತ್ತು ತುಂಬಿಲ್ಲ, ನಾನು ಅಜ್ಜಿ ಎಂದರೆ ನಗು ಬರಬಹುದು. ನಿಮ್ಮ ಮಗಳು ಗಂಗೆ ನನ್ನ ಮುತ್ತಜ್ಜಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಬಂದರಿನ ವಿರುದ್ಧದ ಹೋರಾಟದ ಹಳೆಯ ಕರಪತ್ರಗಳಿಂದ. ಅವು ಪ್ರತಿ ಸಾಲಿನಲ್ಲೂ ಕೂಗುತ್ತವೆ. ನಾನೂ ಕೂಗಿದರೆ ಸಹಿಸಿಕೊಳ್ಳಿ.

ನಾಡಿದ್ದು ನಿಮ್ಮ ಕೇರಿಗೆ ನಿರಂಜನ ಎಂಬ ಯುವಕ ಬರುತ್ತಾನೆ. ಬಂದರಿನ ರೈಲು ಯಾರ್ಡನ್ನು ನಾಲ್ಕು ಹಳಿಯಿಂದ ಹದಿನೆಂಟು ಹಳಿಗೆ ವಿಸ್ತರಿಸಲು ಪರಿಸರ ಅನುಮತಿ ಬೇಕು. ಅದಕ್ಕೆ ವರದಿ ಬರೆಯುವ ಕಂಪನಿಯವನು ಅವನು. ಕೆಟ್ಟವನಲ್ಲ. ಚಪ್ಪಲಿ ಕಳಚಿಟ್ಟು ಜಗಲಿಯಲ್ಲಿ ಕೂರುತ್ತಾನೆ, ನೀವು ಕೊಟ್ಟ ಮಜ್ಜಿಗೆ ಕುಡಿಯುತ್ತಾನೆ. ಆಮೇಲೆ ಅಳಿವೆಯ ಕೆಸರಿನ ಕಡೆ ಕೈ ತೋರಿಸಿ, ಅಲ್ಲಿ ಯಾರಾದರೂ ದುಡಿಯುತ್ತಾರೆಯೇ ಎಂದು ಕೇಳುತ್ತಾನೆ.

ಅದು ಗಳ ನೆಟ್ಟ ತಿಂಗಳು. ಬೆಳಚು ಮರಿ ಹಾಕುವ ಎರಡು ತಿಂಗಳು ನೀವು ಅಳಿವೆಯ ಬಾಯಲ್ಲಿ ಬಿದಿರು ಗಳ ನೆಟ್ಟು, ಚಿಪ್ಪಿನ ಆ ಜೀವಗಳನ್ನು ಅವುಗಳ ಪಾಡಿಗೆ ಬಿಡುತ್ತೀರಿ. ಗಳ ಇರುವಷ್ಟು ದಿನ ಯಾರೂ ಕೆಸರಿಗೆ ಕಾಲಿಡಬಾರದು ಎಂಬುದು ಕೇರಿಯ ನೇಮ. ಉಳಿದ ಹತ್ತು ತಿಂಗಳು ನಿಮ್ಮ ಕೇರಿಯ ಇನ್ನೂರು ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಲ್ಬೆರಳಿನಿಂದ ತಡಕಿ ಬೆಳಚು ತೆಗೆದು ಮನೆ ನಡೆಸುತ್ತಾರೆ. ಗಳ ಕಾಯುವ ಸರದಿ ಈ ವರ್ಷ ನಿಮ್ಮದು. ಅದಕ್ಕೇ ಅವನಿಗೆ ನೀವು ಎದೆಯುಬ್ಬಿಸಿ ಹೇಳುತ್ತೀರಿ: "ಅಲ್ಲಿ ಯಾರೂ ಕಾಲಿಡುದಿಲ್ಲ ತಮ್ಮಾ. ಒಂದು ಹೆಣ್ಣೂ ಇಲ್ಲ, ಒಂದು ಮಗೂ ಇಲ್ಲ. ಬೇಕಾರೆ ಮೂರು ದಿವ್ಸ ಕೂತು ಕಾಣು."

ಅವನು ಮೂರು ದಿನ ಕೂತು ನೋಡುತ್ತಾನೆ. ಯಾರೂ ಬರುವುದಿಲ್ಲ. ಆ ವರದಿಯ ನೂರಾ ಹದಿನಾಲ್ಕನೆಯ ಪುಟ ನಮ್ಮ ಮನೆಯಲ್ಲಿದೆ. ಅದರಲ್ಲಿ ಹೀಗಿದೆ: "ಸ್ಥಳೀಯರ ಹೇಳಿಕೆಯಂತೆ ಹಾಗೂ ಸ್ಥಳ ಪರಿಶೀಲನೆಯಂತೆ ಸದರಿ ಪ್ರದೇಶದಲ್ಲಿ ಯಾವುದೇ ಮಾನವ ಬಳಕೆ ಇರುವುದಿಲ್ಲ." ಕೆಳಗೆ ನಿಮ್ಮ ಹೆಸರು, ವಯಸ್ಸು.

ಅಹವಾಲು ಸಭೆ ಮುಂದಿನ ಚೈತ್ರದಲ್ಲಿ. ನಿಮಗೆ ಅದು ಮುಂದಿನದು, ನನಗೆ ನಡೆದುಹೋದದ್ದು. ಶಾಮಿಯಾನದ ಕೆಳಗೆ ಆರುನೂರು ಜನ. ಕೇರಿಯವರು ಒಬ್ಬೊಬ್ಬರಾಗಿ ಎದ್ದು ಅಳಿವೆ ನಮ್ಮ ಅನ್ನ ಎಂದಾಗ, ಅಧ್ಯಕ್ಷತೆ ವಹಿಸಿದ ಅಧಿಕಾರಿ ಅದೇ ಪುಟವನ್ನು ಮೈಕಿನಲ್ಲಿ ಓದಿದರು. ಹಿಂದಿನ ಸಾಲಿನಲ್ಲಿ ಕೂತ ಗುತ್ತಿಗೆದಾರರ ಹುಡುಗರು, ಸುಬ್ಬಕ್ಕನಿಗೆ ಕಂಪನಿಯಿಂದ ಎಷ್ಟು ಸೀರೆ ಬಂತು ಎಂದು ಕೇಳಿ ಶಿಳ್ಳೆ ಹೊಡೆದರು. ನೀವು ಎದ್ದು ನಿಂತಿರಿ.

"ನಾ ಹೇಳಿದ್ದು ಹೌದು," ಎಂದಿರಿ. "ಆದ್ರೆ ಕಾಲಿಡದೇ ಇದ್ದದ್ದು ಅದು ನಮ್ದು ಅಂತ್ಲೇ."

ನಿಮ್ಮ ಆ ಮಾತನ್ನು ನಡಾವಳಿಯಲ್ಲಿ ಬರೆದುಕೊಳ್ಳಲಿಲ್ಲ. ಹೇಳಿಕೆ ಬದಲಿಸಲು ಅವಕಾಶವಿಲ್ಲ ಎಂದರು. ಎಂಟು ತಿಂಗಳಲ್ಲಿ ಅನುಮತಿ ಬಂತು, ನಲವತ್ತಾರು ಷರತ್ತುಗಳ ಜೊತೆ. ಒಂದು ಷರತ್ತು ಸಸಿ ನೆಡುವುದರ ಬಗ್ಗೆ ಇತ್ತು. ನಿಮ್ಮ ಬಗ್ಗೆ ಒಂದೂ ಇರಲಿಲ್ಲ.

ಮುಂದಿನದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಟಿಪ್ಪರುಗಳು ಕೆಮ್ಮಣ್ಣು ಸುರಿಯಲು ಬಂದದ್ದೂ ಗಳ ನೆಟ್ಟ ತಿಂಗಳಲ್ಲೇ. ಆ ಎರಡು ತಿಂಗಳು ಕೆಸರಿನಲ್ಲಿ ಅಡ್ಡ ನಿಲ್ಲಲು ಯಾರೂ ಇರುವುದಿಲ್ಲ ಎಂದು ಅವರಿಗೆ ಕಲಿಸಿದ್ದು ಆ ವರದಿಯೇ. ನಿಮ್ಮವರು ದಡದಲ್ಲಿ ಸಾಲಾಗಿ ನಿಂತು ಕೂಗಿದರು, ಕೆಸರಿಗೆ ಇಳಿಯಲಿಲ್ಲ. ಮಣ್ಣು ಬೀಳುತ್ತಿತ್ತು, ಕೆಳಗೆ ಲಕ್ಷಾಂತರ ಚಿಪ್ಪು ಪುಡಿಯಾಗುವ ಸದ್ದು ದಡಕ್ಕೆ ಕೇಳುತ್ತಿತ್ತು, ಆದರೂ ನೇಮಕ್ಕೆ ಹೆದರಿ ನಿಂತಿರಿ. ಕೊನೆಗೆ ಇಳಿದವಳು ಗಂಗೆ, ಹದಿನೇಳು ವರ್ಷದವಳು. ಅವಳ ಹಿಂದೆ ಎಲ್ಲರೂ ಇಳಿದರು. ಬಂದರಿನ ಕಾವಲು ಪಡೆ ಮೊದಲು ದೊಣ್ಣೆ ಬೀಸಿತು. ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತವರು ಓಡಲಾರರು. ಒಬ್ಬೊಬ್ಬರ ಮುಂದೆ ನಿಂತು, ಗೂಟ ಹೊಡೆದ ಹಾಗೆ ಹೊಡೆದರು. ಗಂಗೆಯ ದವಡೆ ಎರಡು ಕಡೆ ಮುರಿಯಿತು. ಅವಳು ಸಾಯುವವರೆಗೂ ಗಂಜಿಯನ್ನಷ್ಟೇ ಕುಡಿದಳು. ಆಮೇಲೆ ಗುಂಡು. ನಿಮ್ಮ ಕೇರಿಯ ಮಾಸ್ತಿ ಅಂಬಿಗನ ಎದೆಗೆ, ನಿಮ್ಮ ನಾದಿನಿ ಹೊನ್ನಿಯ ಕುತ್ತಿಗೆಗೆ. ಭರತದ ನೀರು ಏರಿ ಬಂತು. ಹೊನ್ನಿಯ ಹೆಣವನ್ನು ಎಳೆದು ತರುವ ಮೊದಲೇ ಟಿಪ್ಪರು ಇನ್ನೊಂದು ಹೊರೆ ಸುರಿಯಿತು. ಅವಳು ಇಂದಿಗೂ ಹನ್ನೊಂದನೆಯ ಹಳಿ ಇದ್ದ ಜಾಗದ ಕೆಳಗಿದ್ದಾಳೆ.

ಆ ಕೆಮ್ಮಣ್ಣಿನ ಕಟ್ಟೆಯ ಮೇಲೆ ಯಾರ್ಡ್ ಎದ್ದಿತು, ಅಳಿವೆಯ ಅರ್ಧ ಬಾಯಿ ಮುಚ್ಚಿಕೊಂಡು. ಮೂವತ್ತು ವರ್ಷ ಹೊಳೆ ಆ ಕಟ್ಟೆಯನ್ನು ಬುಡದಿಂದ ತಿಂದಿತು. ಒಂದು ಶ್ರಾವಣದ ಬೆಳಗ್ಗೆ, ಶಾಲೆಯ ಗಂಟೆ ಹೊಡೆದ ಮೇಲೆ, ಕಟ್ಟೆ ಬಾಯಿ ಬಿಟ್ಟಿತು. ವಿಷಾನಿಲ ತುಂಬಿದ ಟ್ಯಾಂಕ್ ಬೋಗಿಗಳು ಒಂದರ ಮೇಲೊಂದು ಉರುಳಿ ಕೇರಿಗೆ ಬಿದ್ದವು. ನೀರಿನಿಂದ ತಪ್ಪಿಸಿಕೊಂಡು ಮಾಡು ಹತ್ತಿದವರು ಗಾಳಿಯಿಂದ ಸತ್ತರು, ಕಣ್ಣು ಬೆಂದು, ಬಾಯಲ್ಲಿ ನೊರೆ ಕಟ್ಟಿ. ಮುನ್ನೂರ ಹದಿನಾರು ಜನ. ನಮ್ಮ ವರ್ಷದೆಣಿಕೆ ಶುರುವಾಗುವುದು ಆ ಬೆಳಗಿನಿಂದ.

ನಾವು ಈಗ ಮೇಲ್ದಂಡೆಯಲ್ಲಿದ್ದೇವೆ, ಕಂಬಿಮನೆಗಳಲ್ಲಿ. ಹಳೆಯ ರೈಲು ಹಳಿಗಳನ್ನೇ ಕಂಬವಾಗಿ ನಿಲ್ಲಿಸಿ, ಬೋಗಿಯ ತಗಡನ್ನು ಮೇಲೆ ಹೊದಿಸಿದ ಮನೆಗಳಿಗೆ ಆ ಹೆಸರು. ಬಿಸಿಲೇರಿದರೆ ಗೋಡೆ ಮುಟ್ಟಲಾಗುವುದಿಲ್ಲ. ತಗಡಿನ ಮೇಲೆ ಒದ್ದೆ ಗೋಣಿ ಹಾಕುತ್ತೇವೆ. ಬಾವಿಗೆ ಉಪ್ಪುಗಡಿ ಎಂಬ ಗುರುತು ಹಾಕಿರುತ್ತೇವೆ, ಅದರ ಕೆಳಗಿನ ನೀರು ಬಟ್ಟೆ ತೊಳೆಯಲೂ ಬರುವುದಿಲ್ಲ. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಗುರುತಿಸಲು ಕಲಿಸುತ್ತೇವೆ. ಬೆಳಚಿನ ರುಚಿ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಸಿಹಿಯಂತೆ ಎಂದು ಒಬ್ಬರು, ಅಲ್ಲ, ಕಬ್ಬಿಣದ ರುಚಿ ಎಂದು ಇನ್ನೊಬ್ಬರು ವಾದಿಸುತ್ತಾರೆ. ನಮ್ಮದೊಂದು ಕಾನೂನಿದೆ, ಪಾದಸಾಕ್ಷಿ. ಒಂದು ನೆಲದ ಬಗ್ಗೆ ಬರೆಯುವವರು ಹನ್ನೆರಡು ಹುಣ್ಣಿಮೆ, ಹನ್ನೆರಡು ಅಮಾವಾಸ್ಯೆ ಆ ನೆಲದಲ್ಲಿ ಬರಿಗಾಲಿನಲ್ಲಿ ನಿಂತಿರಬೇಕು. ಇಲ್ಲದಿದ್ದರೆ ಆ ಬರಹವನ್ನು ಸಭೆಯ ಎದುರೇ ಸುಡುತ್ತೇವೆ. ಒಳ್ಳೆಯ ಕಾನೂನು. ಸತ್ತ ಅಳಿವೆಗೆ ಅದರಿಂದ ಏನೂ ಆಗಲಿಲ್ಲ.

ನನ್ನ ಓರಗೆಯವರು ನಿಮ್ಮನ್ನು ಬೈಯುತ್ತಾರೆ, ಮುದುಕಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು ಎಂದು. ನಾನು ಬೈಯುವುದಿಲ್ಲ. ಒಂದು ಜಾಗವನ್ನು ಮುಟ್ಟದೆ ಕಾಯುವವರಿದ್ದರೂ, ಆ ಜಾಗಕ್ಕೆ ಯಾರೂ ಇಲ್ಲ ಎಂದು ಓದುವ ಸರ್ಕಾರ ಕಳ್ಳ ಸರ್ಕಾರ. ತಪ್ಪು ಅದರದು. ಆದರೆ ಆ ಸರ್ಕಾರಕ್ಕೆ ನಾನು ಕಾಗದ ಬರೆದು ಉಪಯೋಗವಿಲ್ಲ, ಅದು ಓದುವುದಿಲ್ಲ. ನೀವು ಓದುತ್ತೀರಿ.

ಆದ್ದರಿಂದ ನಿಮ್ಮಲ್ಲಿ ಒಂದು ಕ್ರೂರವಾದ ಬೇಡಿಕೆ. ನೇಮ ಮುರಿಯಿರಿ. ನೇಮ ಮುರಿದವರ ಮನೆಯ ನೀರನ್ನು ಕೇರಿ ಒಂದು ವರ್ಷ ಮುಟ್ಟುವುದಿಲ್ಲ ಎಂದು ಗೊತ್ತಿದೆ. ಕಾಯಬೇಕಾದವಳೇ ಮುರಿದರೆ ಹೊನ್ನಿಯೂ ನಿಮ್ಮ ಮುಖ ನೋಡುವುದಿಲ್ಲ. ನೋಡದಿರಲಿ, ಬದುಕಿರಲಿ. ಗಂಗೆ ನಿಮ್ಮನ್ನು ಹಳಿಯುತ್ತಾಳೆ. ಹಳಿಯಲಿ, ಹಳಿಯಲು ಅವಳಿಗೆ ದವಡೆ ಇರುತ್ತದೆ. ಇದರಿಂದ ನಾನು ಹುಟ್ಟುತ್ತೇನೋ ಇಲ್ಲವೋ ಎಂದು ಲೆಕ್ಕ ಹಾಕಲು ಹೋಗಿಲ್ಲ.

ಅವನು ಮಜ್ಜಿಗೆ ಕುಡಿದು ಕೈ ತೋರಿಸಿದಾಗ ಏನೂ ಹೇಳಬೇಡಿ. ಮುಂಗೈ ಹಿಡಿದು ಎಬ್ಬಿಸಿ. ಪ್ಯಾಂಟು ಕೊಳೆಯಾಗುತ್ತದೆ ಎಂದರೆ ಕೇಳಬೇಡಿ. ಇಡೀ ಕೇರಿ ದಡಕ್ಕೆ ಬಂದು ನಿಮಗೆ ಶಾಪ ಹಾಕುತ್ತಿರಲಿ, ನೀವು ಅವನನ್ನು ಮೊಣಕಾಲಿನವರೆಗೆ ಇಳಿಸಿ, ಅವನ ಬಲಗೈಯನ್ನು ಮೊಣಕೈವರೆಗೆ ಕೆಸರಿಗೆ ಒತ್ತಿ ಹಿಡಿಯಿರಿ. ಚಿಪ್ಪುಗಳ ಅಂಚು ಹರಿತ. ಅಂಗೈ ಕೊಯ್ಯುತ್ತದೆ. ಅವನು ಕಿರುಚಿದರೂ ಬಿಡಬೇಡಿ, ಬೆರಳಿಗೆ ಒಂದೊಂದೇ ಬೆಳಚು ಸಿಗುವವರೆಗೆ. ಆಮೇಲೆ ದಡಕ್ಕೆ ತಂದು, ರಕ್ತ ಒರೆಸಿಕೊಳ್ಳಲು ಬಟ್ಟೆ ಕೊಡದೆ, ಪೆನ್ನು ಕೊಡಿ.

ನಿಮ್ಮ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡವಳು,
ತಾರಿಣಿ ಸುಬ್ಬಿ